ಅಕ್ಕನ ಮೂಗಿಗೆ ಹಚ್ಚಿದ ತೇಜಾಬು

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ನಾನು ಅಂಗಡಿಯ ಗಾದಿಯ ಮೇಲೆ ಕೂತು ನೂರಾರು ಸಲ ಕೇಳಿದ್ದೇನೆ. ಮೂಗುತಿ, ಬೆಂಡೋಲೆ ಕೊಳ್ಳಲು ಬಂದವರು ತಕ್ಕಡಿಯ ಮೇಲೆ ಒಂದು ಕಣ್ಣಿಟ್ಟು ನಗುನಗುತ್ತ ಹೇಳುವ ಮಾತು ಅದು. ನಾನೂ ನಗುತ್ತಿದ್ದೆ. "ನಮ್ಮಕ್ಕನ್ನ ಕೇಳ್ರಿ, ಒಂದ ಗುಂಜಿ ಕಡಿಮಿ ಇದ್ರ ಆಕಿನ ಹೇಳ್ತಾಳ" ಎನ್ನುತ್ತಿದ್ದೆ. ಅಕ್ಕನ ಚಿನ್ನದಲ್ಲಿ ನಾನು ಗುಂಜಿಯಷ್ಟೂ ಮುಟ್ಟಿದವನಲ್ಲ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಆದರೆ ಅಕ್ಕನ ಮೂಗಿನ ಎಡಹೊಳ್ಳೆ ಇವತ್ತು ಪೂರ್ತಿ ಉಳಿದಿಲ್ಲ. ಅದರಲ್ಲಿ ನನ್ನ ಪಾಲಿದೆ.

ನಮ್ಮದು ಲಕ್ಷ್ಮೇಶ್ವರದ ಬಜಾರದಲ್ಲಿ ಒಂದು ಸಣ್ಣ ಅಂಗಡಿ. ಮುಂದೆ ಗಾದಿ, ಅದರ ಹಿಂದೆ ಒಂದು ಪರದೆ, ಪರದೆಯ ಆಚೆ ಕುಲುಮೆ ಇರುವ ಕತ್ತಲೆ ಕೋಣೆ. ಅಪ್ಪನ ಕಾಲದಿಂದಲೂ ನಮ್ಮಂಥ ಪತ್ತಾರರ ಅಂಗಡಿಗೆ ಜನ ಬರೀ ಚಿನ್ನಕ್ಕಾಗಿ ಬರುತ್ತಿರಲಿಲ್ಲ. ಮಕ್ಕಳ ಕಿವಿ ಚುಚ್ಚಿಸಲು, ಹೆಣ್ಣುಮಕ್ಕಳ ಮೂಗು ಚುಚ್ಚಿಸಲು ಬರುತ್ತಿದ್ದರು. ನರಹುಲಿ ಸುಡಿಸಿಕೊಳ್ಳಲೂ ಬರುತ್ತಿದ್ದರು. ಒರೆಗಲ್ಲಿಗೆ ಉಜ್ಜಿದ ಚಿನ್ನ ಖರೆಯೋ ಖೋಟಿಯೋ ಎಂದು ನೋಡಲು ನಾವು ಬಳಸುವ ಆಸಿಡ್ಡಿಗೆ ತೇಜಾಬು ಎನ್ನುತ್ತೇವೆ. ಕಸಬರಿಗೆ ಕಡ್ಡಿಯ ತುದಿಯನ್ನು ಅದರಲ್ಲಿ ಅದ್ದಿ ನರಹುಲಿಯ ನೆತ್ತಿಗೆ ಮುಟ್ಟಿಸಿದರೆ ಚರ್ಮ ಹಳದಿಯಾಗುತ್ತದೆ, ಹಕ್ಕಳೆ ಕಟ್ಟುತ್ತದೆ, ವಾರ ಹತ್ತು ದಿನದಲ್ಲಿ ಉದುರಿ ಹೋಗುತ್ತದೆ. ಅಪ್ಪ ಇದನ್ನು ಮಾಡುತ್ತಿದ್ದ, ನಾನು ಮಾಡಿದೆ. ಶಿರಹಟ್ಟಿಯಿಂದ, ಮುಂಡರಗಿಯಿಂದ ಬಸ್ಸು ಹತ್ತಿ ಬಂದವರಿದ್ದಾರೆ. ಈ ಕೆಲಸಕ್ಕೆ ನಾವು ದುಡ್ಡು ಮುಟ್ಟುವುದಿಲ್ಲ, ಗುಣವಾದವರು ಒಂದು ತೆಂಗಿನಕಾಯಿ ತಂದಿಟ್ಟು ಕೈ ಮುಗಿದು ಹೋಗುತ್ತಾರೆ. ಪುಕ್ಕಟೆ ಮಾಡುವ ಕೆಲಸದಲ್ಲಿ ಮನುಷ್ಯನಿಗೆ ಸೊಕ್ಕು ಜಾಸ್ತಿ. ನನಗಂತೂ ಇತ್ತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳನ್ನು ಶಿರಹಟ್ಟಿಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ಹೊಲಮನೆಯ ಸಂಸಾರ. ನಲವತ್ತು ವರ್ಷಕ್ಕೂ ಮಿಕ್ಕಿ ಮೆಣಸಿನಕಾಯಿ ಬಿಡಿಸುತ್ತ, ಶೇಂಗಾ ಕೀಳುತ್ತ, ಉಳ್ಳಾಗಡ್ಡಿ ಹೊಲದಲ್ಲಿ ಕಸ ತೆಗೆಯುತ್ತ ಬಿಸಿಲಿಗೆ ಮುಖ ಕೊಟ್ಟು ಬದುಕಿದವಳು. ಅವಳ ಮದುವೆಗೆ ಹಾಕಿದ ಮೂಗುತಿ ನನ್ನ ಕೈಯ ಮೊದಲ ಕೆಲಸ. ಆಗ ನನಗೆ ಹದಿನೈದು. ಅಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಏನೂ ಅನ್ನದೆ ಕೆಳಗಿಟ್ಟಿದ್ದ. ಏನೂ ಅನ್ನದಿದ್ದರೆ ಅವನ ಬಾಯಲ್ಲಿ ಅದೇ ಶಹಬ್ಬಾಸ್. ಆ ಮೂಗುತಿಯನ್ನು ಅಕ್ಕ ತಾನಾಗಿ ಒಂದು ದಿನವೂ ತೆಗೆದವಳಲ್ಲ. ಸಂತೆಯ ದಿನ ಲಕ್ಷ್ಮೇಶ್ವರಕ್ಕೆ ಬಂದರೆ ಅಂಗಡಿಯಲ್ಲಿ ಗಾದಿಯ ತುದಿಗೆ ಕೂತು ಚಹಾ ಕುಡಿದೇ ಹೋಗುತ್ತಿದ್ದಳು. ಬಂದ ಗಿರಾಕಿಗಳಿಗೆಲ್ಲ ಮೂಗು ತೋರಿಸಿ, "ನಮ್ಮ ತಮ್ಮನ ಕೈಕೆಲಸರಿ" ಎನ್ನುತ್ತಿದ್ದಳು.

ಐದಾರು ವರ್ಷದ ಹಿಂದಿನ ಮಾತು. ಮೂಗುತಿಯ ತೂತಿನ ಪಕ್ಕದಲ್ಲಿ ಅವಳಿಗೆ ಒಂದು ಕಪ್ಪು ಗುಳ್ಳೆ ಎದ್ದಿತು. ಜೋಳದ ಕಾಳಿಗಿಂತ ಸಣ್ಣದು. ನೋವಿಲ್ಲ, ತುರಿಕೆಯೂ ಅಷ್ಟಕ್ಕಷ್ಟೆ. ಮುಖ ತೊಳೆದು ಸೆರಗಿನಿಂದ ಒರೆಸಿಕೊಂಡರೆ ಒಂದು ಚುಕ್ಕೆ ರಕ್ತ, ಆಮೇಲೆ ಹಕ್ಕಳೆ. ಹಕ್ಕಳೆ ಉದುರಿ ಮಾಯಿತು ಎನ್ನುವಷ್ಟರಲ್ಲಿ ಮತ್ತೆ ರಕ್ತ.

"ಮೂಗುತಿ ಹತ್ತವಲ್ದು ಕಾಣ್ತೈತಿ, ನೋಡಪಾ ಸ್ವಲ್ಪ" ಎಂದು ಅಕ್ಕ ನನ್ನೆದುರು ಮುಖ ಚಾಚಿದಳು.

ನನಗೆ ಸಿಟ್ಟು ಬಂತು. ನನ್ನ ಕೈಯ ಚಿನ್ನ ಮೈಗೆ ಒಗ್ಗುವುದಿಲ್ಲ ಎಂದರೆ ಏನರ್ಥ? ಭೂತಗನ್ನಡಿ ತೆಗೆದುಕೊಂಡು ನೋಡಿದೆ. ನೋಡಿದ್ದು ಮೂಗುತಿಯನ್ನು. ತಿರುಪಿನಲ್ಲಿ ಎಲ್ಲಾದರೂ ಚೂಪು ಇದೆಯೇ, ಬೆಸುಗೆಯ ಕಡೆ ಹಸಿರು ಏರಿದೆಯೇ ಎಂದು ಕೂದಲು ಸೀಳಿದ ಹಾಗೆ ನೋಡಿದೆ. ಅಲ್ಲೇ ಪಕ್ಕದಲ್ಲಿ ಆ ಗುಳ್ಳೆ ಇತ್ತು. ಅದರ ಅಂಚಿನಲ್ಲಿ ಸಣ್ಣ ಮಣಿ ಪೋಣಿಸಿದಂಥ ಹೊಳಪಿತ್ತು. ಈಗ ನೆನಪಾಗುತ್ತದೆ, ಅಂದರೆ ಕಣ್ಣಿಗೆ ಬಿದ್ದಿತ್ತು. ಮನಸ್ಸಿಗೆ ಬೀಳಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದು ಜನ ಸುಮ್ಮನೆ ಹೇಳುವುದಿಲ್ಲ.

ಮೂಗುತಿಯನ್ನು ಕರಗಿಸಿ ಹೊಸದಾಗಿ ಮಾಡಿಕೊಟ್ಟೆ. ಆರು ತಿಂಗಳಾದರೂ ಹುಣ್ಣು ಹಾಗೇ ಇತ್ತು. ತಾಮ್ರ ಇನ್ನೂ ಕಡಿಮೆ ಬೆರೆಸಿ ಎರಡನೆಯ ಸಲ ಮಾಡಿದೆ. ಆಗಲೂ ಹಾಗೇ ಇತ್ತು. ಚಿನ್ನದ ತಪ್ಪಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡ ದಿನ ನನಗೆ ಆದದ್ದು ಸಮಾಧಾನ. ಹಾಗಾದರೆ ಇದೇನು ಎಂಬ ಚಿಂತೆ ಬರಬೇಕಿತ್ತು, ಬರಲಿಲ್ಲ.

"ಅಕ್ಕಾ, ಇದು ನರೂಲಿ. ಸುಟ್ಟು ಬಿಡ್ತೀನಿ, ಕುಂಡ್ರು" ಎಂದೆ.

"ಮಾರಿ ಮ್ಯಾಲೆ ಐತಲ್ಲೋ, ಡಾಕ್ಟರಿಗೆ ಒಮ್ಮೆ ತೋರಿಸಲೇನು?"

"ಡಾಕ್ಟರೇನು ಮಾಡ್ತಾನ? ಮುಲಾಮ ಬರದು ಕೊಡ್ತಾನ. ಮುಂಡರಗಿಯಿಂದ ಮಂದಿ ನನ್ನ ಹತ್ರ ಬರ್ತಾರ, ನೀ ಡಾಕ್ಟರ ಅಂತಿ."

ಅವಳು ಕಣ್ಣು ಮುಚ್ಚಿ ಕೂತಳು. ಕಡ್ಡಿ ಮುಟ್ಟಿಸಿದಾಗ ನನ್ನ ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡಳೇ ಹೊರತು ಅಯ್ಯೋ ಎನ್ನಲಿಲ್ಲ. ಹಳದಿಯಾಯಿತು, ಹಕ್ಕಳೆ ಕಟ್ಟಿತು, ಉದುರಿತು. ಕೆಳಗೆ ಬಿಳಿ ಕಲೆಯೊಂದು ಉಳಿಯಿತು. ಅಕ್ಕ ತನ್ನ ತಮ್ಮನೆಂದೂ ನೋಡದೆ ಉಳಿದವರ ಹಾಗೆ ತೆಂಗಿನಕಾಯಿ ತಂದಿಟ್ಟಳು. ನಾನು ಅದನ್ನು ತೆಗೆದುಕೊಂಡೆ. ಮುಂದೆ ಒಂದು ವರ್ಷ, ನರಹುಲಿಯವರು ಯಾರೇ ಬರಲಿ, "ನಮ್ಮಕ್ಕನ ಮೂಗಿನ ಮ್ಯಾಲಿಂದೂ ನಾನ ತಗದಿದ್ದು" ಎಂದು ಹೇಳಿಕೊಂಡೆ.

ಆ ವರ್ಷವೆಲ್ಲ ಅದು ಕಲೆಯ ಅಡಿಯಲ್ಲಿ ಹರಿದಾಡುತ್ತಿತ್ತು. ಇದು ನನಗೆ ಆಮೇಲೆ ಗೊತ್ತಾಯಿತು.

ಬಿಳಿ ಕಲೆಯ ಅಂಚಿನಿಂದ ಮತ್ತೆ ಹುಣ್ಣು ಮೇಲೆ ಬಂತು. ಈ ಸಲ ಹೊಳ್ಳೆಯ ಅಂಚಿಗೆ ಹತ್ತಿತ್ತು. ನಡುವೆ ಸಣ್ಣ ತಗ್ಗು, ಸುತ್ತ ಹೊಳಪಿನ ದಂಡೆ. ಅಂಥದೇ ಒಂದು ಸಂತೆಯ ದಿನ ಮುಂಡರಗಿಯಿಂದ ತಾಯಿ ಮಗಳು ಮದುವೆಗೆ ಮೂಗುತಿ ಆರಿಸಲು ಬಂದರು. ಅಕ್ಕ ಎಂದಿನಂತೆ ಗಾದಿಯ ತುದಿಗಿದ್ದಳು. "ನಮ್ಮ ತಮ್ಮನ ಕೈಕೆಲಸರಿ" ಎಂದು ಮುಖ ಎತ್ತಿದಳು. ತಾಯಿ ಆ ಮೂಗನ್ನು ನೋಡಿದಳು, ಮಗಳ ಮುಖ ನೋಡಿದಳು, ಕೈಯಲ್ಲಿದ್ದ ಮೂಗುತಿಯನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟಳು. "ಸಂತಿ ಮುಗಿಸಿ ಬರ್ತೀವ್ರಿ" ಎಂದು ಎದ್ದರು. ಬರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು, ಅಕ್ಕನೊಬ್ಬಳಿಗೆ ಬಿಟ್ಟು.

ಅವರು ಮೆಟ್ಟಿಲಿಳಿದ ಕೂಡಲೇ ನಾನು ಅಂದ ಮಾತನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಬರೆಯುತ್ತೇನೆ. "ನಾಕ ಮಂದ್ಯಾಗ ಆ ಮೂಗು ತೋರಸ್ಕೋತ ಕುಂಡ್ರಬ್ಯಾಡ. ಇನ್ನ ಮ್ಯಾಲೆ ಬಂದ್ರ ಒಳಗ ಕುಂಡ್ರು."

ಅಕ್ಕ "ಆತಪಾ" ಎಂದಳು. ತನ್ನ ಚಹಾದ ಕಪ್ಪನ್ನು ತಾನೇ ಎತ್ತಿಕೊಂಡು ಪರದೆಯ ಆಚೆ ಹೋದಳು. ಮುಂದೆ ಎರಡು ವರ್ಷ, ಬಂದಾಗಲೆಲ್ಲ, ಕುಲುಮೆಯ ಪಕ್ಕದ ಆ ಕತ್ತಲೆಯಲ್ಲೇ ಕೂತು ಎದ್ದುಹೋದಳು. ಸೆರಗನ್ನು ಮೂಗಿನವರೆಗೆ ಎಳೆದುಕೊಳ್ಳುವುದನ್ನು ಅವಳಿಗೆ ನಾನು ಕಲಿಸಿಕೊಡಬೇಕಾಗಲಿಲ್ಲ.

ಅವಳನ್ನು ಅಲ್ಲಿಂದ ಎಬ್ಬಿಸಿದ್ದು ಬಾಜೂ ಅಂಗಡಿಯ ಬಳೆಗಾರ ಬೀಬಿ. ಅಕ್ಕನಿಗೆ ಬಳೆ ತೊಡಿಸಲು ಒಳಗೆ ಹೋದವಳು ಪರದೆಯನ್ನು ಪೂರ್ತಿ ಸರಿಸಿದಳು. ಬೆಳಕು ಬಿತ್ತು. ಅಕ್ಕನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಪತ್ತಾರ್ರ, ಇದು ಎಷ್ಟು ವರ್ಷದ್ದರಿ?"

"ಇರಬೇಕು ಒಂದ ಮೂರ ನಾಕ ವರ್ಷ" ಎಂದೆ.

"ಯಾ ಅಲ್ಲಾ! ಮೂರ ನಾಕ ವರ್ಷ ಮಾಯದಿದ್ದ ಗಾಯ ಗಾಯ ಏನ್ರಿ ಅದು? ನಮ್ಮ ಮಾವಗ ಕಣ್ಣಿನ ಬಾಜೂಕ ಇಂಥಾದ ಆಗಿತ್ತು. ಗದಗದಾಗ ತೋರಿಸಿ ತಗಿಸಿದ್ವಿ. ನಾಳಿನ ಕರಕೊಂಡ ಹೋಗ್ರಿ. ನಿಮ್ಮ ಕೈಲಿಂದ ಆಗಂಗಿಲ್ಲಂದ್ರ ನಾ ಕರಕೊಂಡ ಹೋಗ್ತೀನಿ."

ಪರವೂರಿನ ಗಿರಾಕಿಗಳು ನಿಂತು ಕೇಳುತ್ತಿದ್ದರು. ನನಗೆ ಅಕ್ಕನ ಮೂಗಿಗಿಂತ ಅವರು ಕೇಳುತ್ತಿದ್ದಾರೆ ಎಂಬುದೇ ಚುಚ್ಚಿತು. ಅಂಥ ಮನುಷ್ಯ ನಾನು.

ಗದಗದ ಚರ್ಮದ ಡಾಕ್ಟರು ಹೆಣ್ಣುಮಗಳು, ಸಣ್ಣ ವಯಸ್ಸು. ದೀಪವಿದ್ದ ಒಂದು ಪುಟ್ಟ ಭೂತಗನ್ನಡಿಯನ್ನು ಅಕ್ಕನ ಮೂಗಿಗೆ ಹಚ್ಚಿ ಬಹಳ ಹೊತ್ತು ನೋಡಿದರು. ಅವರ ಕಣ್ಣು ಒಂದು ಸಲವೂ ಮೂಗುತಿಯ ಕಡೆ ಹೋಗಲಿಲ್ಲ. ಆಮೇಲೆ ಬಿಳಿ ಕಲೆಯ ಮೇಲೆ ಬೆರಳಿಟ್ಟು ಕೇಳಿದರು.

"ಅವ್ವಾರ, ಇಲ್ಲೆ ಸುಟ್ಟಂಗ ಐತಲ್ರಿ. ಏನರ ಹಚ್ಚಿದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ಒಗ್ಗರಣಿ ಎಣ್ಣಿ ಸಿಡಿದಿತ್ರಿ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಬಾಯಿ ತೆರೆಯುವ ಮೊದಲೇ ಎಂದು ಬರೆದೆನಲ್ಲ, ಅದೂ ಸುಳ್ಳು. ಬಾಯಿ ತೆರೆಯುವ ಯೋಚನೆ ನನಗಿರಲಿಲ್ಲ.

ಇಂಜೆಕ್ಷನ್ ಕೊಟ್ಟು ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಬಿಟ್ಟು ಹೋದಾಗ ರಿಪೋರ್ಟ್ ಬಂದಿತ್ತು. ಬೇಸಲ್ ಸೆಲ್ ಕಾರ್ಸಿನೋಮಾ ಎಂದರು, ಚರ್ಮದ ಕ್ಯಾನ್ಸರು ಎಂದರು. ಕ್ಯಾನ್ಸರು ಎಂಬ ಶಬ್ದ ಕೇಳಿ ಅಕ್ಕ ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

"ಹಂಗಾರ ಮುಗೀತೇನ್ರಿ ನಂದು?"

"ಇಲ್ರೀ ಅವ್ವಾರ, ಅಂಜಬ್ಯಾಡ್ರಿ. ಇದು ಭಾಳ ಸಾವಕಾಶ ಬೆಳಿಯೋ ಜಾತಿ. ಮೈಯಾಗ ಬ್ಯಾರೆ ಕಡೆ ಹಬ್ಬೋದು ಭಾಳ ಅಪರೂಪ. ಆದ್ರ ಇದ್ದಲ್ಲೇ ಕುಂತು ತಿಂತೈತಿ. ಬಿಟ್ರ ಮೂಗು ತಿಂತೈತಿ, ಕಣ್ಣಿನ ಕಡೆ ಹೋಗ್ತೈತಿ. ಬುಡಸಹಿತ ತಗದ್ರ ಗುಣ ಆಗ್ತೈತಿ."

"ಮೂಗುತಿಯಿಂದ ಆತೇನ್ರಿ?" ಎಂದು ನಾನು ಕೇಳಿದೆ. ಆಗಲೂ ನನಗೆ ಬೇಕಾದದ್ದು ಆ ಉತ್ತರವೇ.

"ಮೂಗುತಿಯಿಂದ ಅಲ್ರಿ. ವರ್ಷಾನುಗಟ್ಟಲೆ ಬಿಸಿಲಾಗ ದುಡದ ಮಾರಿ ಇದು. ಹೆಚ್ಚಾಗಿ ಅದರಿಂದನ ಬರೋದು. ಒಬ್ಬರಿಂದ ಒಬ್ಬರಿಗೆ ಹತ್ತೂದೂ ಇಲ್ಲ."

ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ ಎಂದಾಗ ಅಕ್ಕ, ತನ್ನನ್ನು ಪರದೆಯ ಆಚೆ ಕೂರಿಸಿದ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಒಳ್ಳೆಯದಿತ್ತು.

ಡಾಕ್ಟರು ಒಂದು ಕಾಗದದ ಮೇಲೆ ಮೂಗಿನ ಚಿತ್ರ ಬರೆದು, ಕಾಣುವ ಹುಣ್ಣಿನ ಸುತ್ತ ಸ್ವಲ್ಪ ಜಾಗ ಬಿಟ್ಟು ಗೆರೆ ಎಳೆದು, ಇಷ್ಟು ಕತ್ತರಿಸಿದರೆ ಸಾಕಾಗುತ್ತದೆ, ಇಲ್ಲೇ ಮಾಡಬಹುದು ಎಂದರು. ಅವರ ಗೆರೆ ಬಿಳಿ ಕಲೆಯನ್ನು ಹೊರಗೆ ಬಿಟ್ಟಿತ್ತು. ಒಗ್ಗರಣೆ ಎಣ್ಣೆಯ ಕಲೆಯನ್ನು ಯಾರು ಕತ್ತರಿಸುತ್ತಾರೆ? ನಾನು ಆ ಗೆರೆಯನ್ನು ನೋಡಿದೆ. ಮೊದಲ ಗುಳ್ಳೆ ಎದ್ದದ್ದು ಗೆರೆಯ ಹೊರಗಿನ ಆ ಜಾಗದಲ್ಲೇ ಎಂದು ಲೋಕದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ನಾನು ಆ ಚಿತ್ರದ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು ಎದ್ದೆ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಕೂತಿದ್ದಳು. ಮುಳಗುಂದ ದಾಟಿದ ಮೇಲೆ, ಹೊರಗೆ ನೋಡುತ್ತಲೇ ಅಂದಳು. "ತೇಜಾಬಿನ ಮಾತು ಎಲ್ಲೂ ಆಡಬ್ಯಾಡ. ಅಂಗಡಿ ನಡೀಬೇಕು. ಅಪ್ಪನ ಹೆಸರ ಐತಿ."

ನಾನು ಹೂಂ ಎಂದೆ.

ಮರುದಿನ ಒಬ್ಬ ಮುದುಕ ಗಲ್ಲದ ಮೇಲೆ ಏನೋ ಎದ್ದಿದೆಯೆಂದು ಬಂದ. ಕೈಯಲ್ಲಿ ತೆಂಗಿನಕಾಯಿ ಮೊದಲೇ ಹಿಡಿದಿದ್ದ. "ನಿಮ್ಮಕ್ಕಾರ್ದೂ ನೀವ ತಗದಿರಂತಲ್ರಿ" ಎಂದ. ನಾನು ಬಾಟಲಿಯ ಬಿರಡೆ ತೆಗೆದೆ, ಕಡ್ಡಿ ಅದ್ದಿದೆ. ಅವನು ಕಣ್ಣು ಮುಚ್ಚಿದ, ಅಕ್ಕ ಮುಚ್ಚಿದ ಹಾಗೆಯೇ. ನಾನು ಕಡ್ಡಿಯನ್ನು ಬೂದಿಯಲ್ಲಿ ಚುಚ್ಚಿ, "ಹಿರಿಯಾರ, ಇದು ನನ್ನ ಕೆಲಸ ಅಲ್ಲ, ದವಾಖಾನಿಗೆ ತೋರಸ್ರಿ" ಎಂದೆ. ಅವನು ಬೈದುಕೊಂಡು ಹೋದ. ಪತ್ತಾರನಿಗೆ ಧಿಮಾಕು ಬಂದಿದೆ ಎಂದದ್ದು ಬಾಗಿಲವರೆಗೂ ಕೇಳಿಸಿತು.

ಮಾರನೆಯ ದಿನ ಮೊದಲ ಬಸ್ಸಿಗೆ ಒಬ್ಬನೇ ಗದಗಕ್ಕೆ ಹೋದೆ. ಡಾಕ್ಟರ ಎದುರು ಕೂತು ಹೇಳಿದೆ. "ಒಗ್ಗರಣಿ ಎಣ್ಣಿ ಅಲ್ರಿ. ನಾನ ತೇಜಾಬ ಹಚ್ಚಿ ಸುಟ್ಟೀನಿ. ಮೊದಲ ಗುಳ್ಳಿ ಎದ್ದಿದ್ದು ಆ ಜಾಗಾದಾಗನರಿ."

ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಅವರು ಹೊಸ ಕಾಗದ ತೆಗೆದು ಬರೆಯತೊಡಗಿದರು.

"ಹೇಳಿದ್ದು ಚಲೋ ಆತ್ರಿ. ಮ್ಯಾಲಿನ ಚರ್ಮ ಸುಟ್ಟು ಮಾಯ್ದೈತಿ, ಕೆಳಗಿಂದು ಹಂಗ ಉಳದೈತಿ. ಅದು ಎಲ್ಲಿತನಕ ಹೋಗೇತಿ ಅಂತ ಕಣ್ಣಿಗೆ ತಿಳಿಯಂಗಿಲ್ಲ. ಹುಬ್ಬಳ್ಳಿಗೆ ಬರದು ಕೊಡ್ತೀನಿ. ಅಲ್ಲೆ ಸ್ವಲ್ಪ ಸ್ವಲ್ಪ ತಗದು, ಅಂಚು ಪರೀಕ್ಷೆ ಮಾಡಿ, ಉಳದಿದ್ರ ಮತ್ತ ತಗೀತಾರ." ಬರೆಯುವುದನ್ನು ನಿಲ್ಲಿಸಿ ಕೇಳಿದರು. "ಇನ್ನ ಎಷ್ಟು ಮಂದಿಗೆ ಹಚ್ಚೀರಿ?"

ತೆಂಗಿನಕಾಯಿಗಳನ್ನು ಯಾರು ಎಣಿಸಿಟ್ಟಿದ್ದಾರೆ? ಎಲ್ಲವೂ ನರಹುಲಿಯೇ ಇದ್ದಿರಬೇಕು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮುಖದ ಮೇಲೆ ಸುಡಿಸಿಕೊಂಡವರಲ್ಲಿ ನೆನಪಾದ ಕೆಲವರ ಮನೆಗೆ ಹೋಗಿ, ಡಾಕ್ಟರಿಗೆ ತೋರಿಸಿ ಎಂದು ಹೇಳಿ ಬಂದಿದ್ದೇನೆ. ನೆನಪಾಗದವರ ಮುಖಗಳು ಹಾಗೇ ಇವೆ.

ಹುಬ್ಬಳ್ಳಿಯಲ್ಲಿ ಮೂಗುತಿ ತೆಗೆಯಬೇಕೆಂದರು. ಎರಡನೆಯ ಸಲ ಮಾಡಿಕೊಟ್ಟಂದಿನಿಂದ ಬಿಚ್ಚದೆ ಕೂತ ತಿರುಪು, ನರ್ಸಿಗೆ ಬಗ್ಗಲಿಲ್ಲ. ನನ್ನನ್ನೇ ಕರೆದರು. ನಾನು ಬಿಚ್ಚಿ ಅಕ್ಕನ ಅಂಗೈಯಲ್ಲಿಟ್ಟೆ. ಅವಳಿಗೆ ಎಚ್ಚರವಿದ್ದಂತೆಯೇ, ಮೂಗನ್ನಷ್ಟೇ ಮರಗಟ್ಟಿಸಿ ಕತ್ತರಿಸಿದರು. ಮೊದಲ ಸಲ ತೆಗೆದದ್ದನ್ನು ಪರೀಕ್ಷೆ ಮಾಡಿ, ಉಳಿದ ಕಡೆ ಸ್ವಚ್ಛ ಇದೆ, ಬಿಳಿ ಕಲೆಯ ಕಡೆ ಇನ್ನೂ ಇದೆ ಎಂದರು. ಎರಡನೆಯ ಸಲವೂ ಕಲೆಯ ಕಡೆಯೇ ಇತ್ತು. ಮೂರನೆಯ ಸಲಕ್ಕೆ ಮುಗಿಯಿತು. ಅಷ್ಟರಲ್ಲಿ ಹೊಳ್ಳೆಯ ಅರ್ಧ ಹೋಗಿತ್ತು. ಕೆನ್ನೆಯ ಚರ್ಮವನ್ನು ಸರಿಸಿ ಆ ಜಾಗ ಮುಚ್ಚಿದರು. ಮೊದಲ ವರ್ಷವೇ ತಂದಿದ್ದರೆ ನಾಲ್ಕು ಹೊಲಿಗೆಯಲ್ಲಿ ಮುಗಿಯುತ್ತಿತ್ತು ಎಂದು ಅಲ್ಲಿ ಯಾರೂ ನನಗೆ ಹೇಳಲಿಲ್ಲ. ನನಗೇ ಗೊತ್ತಿತ್ತು.

ಡಾಕ್ಟರಿಗೆ ಎಲ್ಲ ಹೇಳಿಬಿಟ್ಟಿದ್ದೇನೆ ಎಂದು ಪಟ್ಟಿ ಬಿಚ್ಚಿದ ದಿನ ಅಕ್ಕನಿಗೆ ಹೇಳಿದೆ. ಅವಳಿಗೆ ಸಿಟ್ಟೇ ಬಂತು.

"ನಿನ್ನ ಮಾನಾ ಉಳಸಾಕ ನಾ ಡಾಕ್ಟರ ಮುಂದ ಸುಳ್ಳ ಹೇಳಿದ್ನೆಲ್ಲೋ!"

"ಅದನ್ನ ನಂಬಿದ್ರ ಅರ್ಧಾ ಒಳಗ ಉಳೀತಿತ್ತಕ್ಕಾ."

ಅಕ್ಕ "ಆ ಬಾಟ್ಲಿ ಚೆಲ್ಲು" ಎಂದಳು.

"ಬಂಗಾರ ಪರೀಕ್ಷಾಕ ಬೇಕಾಗ್ತೈತಿ."

"ಬಂಗಾರಕ್ಕ ಇಟಗೋ. ಮಂದಿಗೆ ಬ್ಯಾಡ." ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆಗೆದಾಗ, ನೀರು ಕೊಡು ಎಂದು ಮಾತು ತಿರುಗಿಸಿದಳು.

ಅದಾದ ಮೇಲೆ ಸಂತೆಗೆ ಬಂದಾಗಲೂ ಅವಳು ಅಭ್ಯಾಸಬಲದಿಂದ ಪರದೆಯ ಕಡೆ ನಡೆದಳು. ಇಲ್ಲೇ ಕೂತುಕೋ ಎಂದೆ. ಬೇಡ ಎಂದು ಒಳಗೇ ಹೋದಳು. ಮರುವಾರ ನಾನು ಪರದೆಯನ್ನೇ ಕಿತ್ತು ಹಾಕಿದೆ. ಆಮೇಲೆ ಗಾದಿಯ ತುದಿಗೆ ಬಂದಳು, ಸೆರಗು ಮಾತ್ರ ಮೂಗಿನ ಮೇಲೆಯೇ. ನರಹುಲಿ ಎಂದು ಬಂದವರಿಗೆ ನಾನು ಅವಳೆದುರೇ ಹೇಳುತ್ತಿದ್ದೆ, ಹೀಗೆ ಹೀಗೆ ಸುಟ್ಟೆ, ಹೀಗಾಯಿತು ಎಂದು. ಮೊದಲ ಸಲ ಹೇಳುವಾಗ ನಾಲಿಗೆ ಒಣಗಿತ್ತು. ಹತ್ತನೆಯ ಸಲಕ್ಕೆ ಸುಲಭವಾದೀತು ಎಂದುಕೊಂಡಿದ್ದೆ, ಆಗಲಿಲ್ಲ.

ಆರಾರು ತಿಂಗಳಿಗೆ ಗದಗಕ್ಕೆ ತೋರಿಸಲು ಹೋಗುತ್ತೇವೆ. ಒಮ್ಮೆ ಬಂದವರಿಗೆ ಇನ್ನೊಂದು ಕಡೆ ಬರಬಹುದು, ಮುಖ ನೋಡುತ್ತಿರಿ ಎಂದಿದ್ದಾರೆ. ಹೊಲಕ್ಕೆ ಹೋದರೆ ಮುಖದ ತುಂಬ ನೆರಳು ಬೀಳುವ ಟೊಪ್ಪಿಗೆ, ಮೇಲೆ ಒಂದು ಕ್ರೀಮು. ಟೊಪ್ಪಿಗೆ ಹಾಕಿದರೆ ಊರ ಹೆಂಗಸರು ಸಾಹೇಬರು ಬಂದರು ಎಂದು ನಗುತ್ತಾರಂತೆ. ನಗಲಿ ಎನ್ನುತ್ತಾಳೆ ಅಕ್ಕ.

ಹೋದ ಕಾರ್ತೀಕದಲ್ಲಿ ಒಂದು ಮುಂಜಾನೆ ಅಂಗಡಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಮೂಗುತಿಯನ್ನು ತಕ್ಕಡಿಯ ಪಕ್ಕದಲ್ಲಿಟ್ಟಳು.

"ಬಲಕ್ಕ ಚುಚ್ಚು. ಡಾಕ್ಟರಮ್ಮನ್ನ ಕೇಳೇನಿ, ಅಡ್ಡಿ ಇಲ್ಲಂದಾಳ."

"ನನ್ನ ಕೈಲೆ ಆಗಂಗಿಲ್ಲಕ್ಕಾ. ಬ್ಯಾರೆಯವರ ಹತ್ರ ಚುಚ್ಚಿಸ್ಕೋ."

"ಚುಚ್ಚೂದು ನಿನ್ನ ಕೆಲಸ. ಅದನ್ನ ಮಾಡು. ಕುಂಡ್ರು."

ಅವಳನ್ನು ಬಾಗಿಲ ಬೆಳಕಿಗೆ ಕೂರಿಸಿದೆ. ಸೆರಗನ್ನು ತಾನೇ ಕೆಳಗೆ ಸರಿಸಿದಳು. ಸೂಜಿಯನ್ನು ಕುದಿಸಿದೆ, ಕೈ ತೊಳೆದೆ, ಭೂತಗನ್ನಡಿ ತೆಗೆದುಕೊಂಡೆ. ನಿಜ ಹೇಳುತ್ತೇನೆ, ಪಟ್ಟಿ ಬಿಚ್ಚಿದಂದಿನಿಂದ ಅಲ್ಲಿಯವರೆಗೆ ನಾನು ಅವಳ ಮುಖವನ್ನು ನೇರ ನೋಡಿರಲಿಲ್ಲ. ಅವತ್ತು ನೋಡಲೇಬೇಕಾಯಿತು. ಎಡಗಡೆಯ ತೇಪೆ ನೋಡಿದೆ, ಕೆನ್ನೆಯ ಹೊಲಿಗೆಯ ಗೆರೆ ನೋಡಿದೆ. ಬಲಹೊಳ್ಳೆ ನೋಡಿದೆ, ಅಲ್ಲಿಂದ ಮೇಲೆ ಕಣ್ಣಿನವರೆಗೆ ನೋಡಿದೆ. ಬಲಗಣ್ಣಿನ ಕೆಳಗೆ ಸಾಸಿವೆಯಷ್ಟು ಕಪ್ಪು ಚುಕ್ಕೆ ಇತ್ತು. ಅದರ ಅಂಚಿಗೆ ಅದೇ ಹೊಳಪಿತ್ತು.

ಹೇಳದೆ ಬಿಡೋಣ, ಇವತ್ತು ಖುಷಿಯಿಂದ ಬಂದಿದ್ದಾಳೆ, ಮುಂದಿನ ಸಲ ಡಾಕ್ಟರೇ ನೋಡಲಿ ಎಂದು ಒಂದು ಕ್ಷಣ ಅನ್ನಿಸಿತು. ಇಷ್ಟೆಲ್ಲ ಆದಮೇಲೂ ಅನ್ನಿಸಿತು.

ಸೂಜಿ ಕೆಳಗಿಟ್ಟೆ. "ಅಕ್ಕಾ, ಕಣ್ಣಿನ ಕೆಳಗ ಒಂದು ಐತಿ. ಹಂಗ ಕಾಣ್ತೈತಿ. ನಾಳೆ ಗದಗಕ್ಕ ಹೋಗೂಣು."

ಅವಳು ಬೆರಳು ಇಟ್ಟು ಮುಟ್ಟಿ ನೋಡಿಕೊಂಡಳು. "ಮುಟ್ಟಿದ್ರೂ ಗೊತ್ತಾಗವಲ್ದು. ನಿನಗ ಹೆಂಗ ಕಂಡಿತೋ?"

"ನೋಡಿದೆ."

"ಹೂಂ" ಎಂದಳು. "ಅವತ್ತ ಮೂಗುತಿ ನೋಡಿದ್ದಿ. ಇವತ್ತ ನನ್ನ ನೋಡಿದಿ."

ಸಿಟ್ಟಿನಿಂದ ಹೇಳಲಿಲ್ಲ, ಸಣ್ಣವನಿದ್ದಾಗ ನನಗೆ ಲೆಕ್ಕ ಹೇಳಿಕೊಡುತ್ತಿದ್ದ ದನಿಯಲ್ಲೇ ಹೇಳಿದಳು. ಮೂಗುತಿಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು, ಗದಗದ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ನಾನು ಎರಡೂ ಕೈ ಎತ್ತಿ ಆರು ಬೆರಳು ತೋರಿಸಿದೆ.